"ಸಿದ್ಧತೆ ಇಲ್ಲದೆ ಬಂದಿದ್ದೇನೆ" ಅನ್ನೋದು ವಿನಯ ಅಲ್ಲ ಸ್ವಾಮೀ

ನಮ್ಮ ಸಭೆ ಸಮಾರಂಭಗಳಲ್ಲಿ ಭಾಷಣ ಶುರುವಾಗೋ ರೀತಿಯನ್ನು ಗಮನಿಸಿದ್ದೀರಾ? ಮೈಕಿನ ಮುಂದೆ ಬಂದವರು ಎರಡು ಸಲ ಅದನ್ನು ತಟ್ಟಿ, ವೇದಿಕೆ ಮೇಲಿರೋ ಒಂಬತ್ತು ಜನರ ಹೆಸರನ್ನೂ ಬಿರುದು ಬಾವಲಿ ಸಮೇತ ಹೇಳಿ ಮುಗಿಸುತ್ತಾರೆ. ಆಮೇಲೆ ಬರುತ್ತೆ ಆ ಮಾತು. "ನಾನು ಯಾವ ಸಿದ್ಧತೆಯನ್ನೂ ಮಾಡಿಕೊಂಡು ಬಂದಿಲ್ಲ, ಇದೀಗ ಇಲ್ಲಿ ಕೂತಾಗ ಹೊಳೆದ ಒಂದೆರಡು ಮಾತುಗಳನ್ನು ಹಂಚಿಕೊಳ್ಳುತ್ತೇನೆ..."

ಒಂದೆರಡು ಮಾತು ಅಂದವರು ಮುಕ್ಕಾಲು ಗಂಟೆ ಬಿಡುವುದಿಲ್ಲ ಅನ್ನೋದು ಬೇರೆ ವಿಷಯ :-)

ಇದನ್ನು ನಾವೆಲ್ಲ ವಿನಯ ಅಂತ ತಿಳಿದುಕೊಂಡು ಸುಮ್ಮನಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಇನ್ನೂರು ಜನ ಬಸ್ಸು ಹಿಡಿದು, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಒಂದು ಭಾನುವಾರ ಹಾಳು ಮಾಡಿಕೊಂಡು ಬಂದು ಕೂತಿರುತ್ತಾರೆ. ಅವರಿಗೆ "ನಿಮಗೋಸ್ಕರ ನಾನು ಅರ್ಧ ಗಂಟೆಯೂ ಕೂತು ಯೋಚಿಸಿಲ್ಲ" ಅಂತ ಹೇಳುವುದು ವಿನಯ ಹೇಗಾಗುತ್ತೆ? ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಬಂದು "ಏನೂ ಹೆಚ್ಚಿಟ್ಟಿಲ್ಲ, ಎಲೆ ಹಾಕಿ, ಹೊಳೆದದ್ದು ಬಡಿಸ್ತೀನಿ" ಅಂದರೆ ನಾವು ಅವರನ್ನು ವಿನಯವಂತರು ಅಂತ ಹೊಗಳುತ್ತೀವಾ?

ಈ ಮಾತಿನ ಹಿಂದೆ ಒಂದು ನಂಬಿಕೆ ಇದೆ, ನನ್ನ ತಕರಾರು ಇರೋದು ಅದರ ಮೇಲೆ. ಮಾತುಗಾರಿಕೆ ಹುಟ್ಟಿನಿಂದ ಬರೋದು, ನಾಲಗೆಯ ಮೇಲೆ ಸರಸ್ವತಿ ಇರಬೇಕು, ತಯಾರಿ ಮಾಡೋದು ಮಾತು ಬಾರದವರ ಲಕ್ಷಣ ಅನ್ನೋ ನಂಬಿಕೆ. ಇದರಿಂದ ಎರಡು ನಷ್ಟ. ಮಾತು ಬರುವವರು ಸೋಮಾರಿಗಳಾಗುತ್ತಾರೆ. ಮಾತು ಬರಲ್ಲ ಅಂದುಕೊಂಡವರು ಜನ್ಮವಿಡೀ ಹಿಂದಿನ ಬೆಂಚಿನಲ್ಲೇ ಉಳಿಯುತ್ತಾರೆ. ಎರಡನೆಯ ನಷ್ಟ ದೊಡ್ಡದು.

"ಹಾಗಾದ್ರೆ ನಮ್ಮ ಆಶು ಪರಂಪರೆ?" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರಿಗೆ ತಾಳಮದ್ದಳೆ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಎರಡು ಸಾಲಿನಲ್ಲಿ ಹೇಳ್ತೀನಿ: ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ತೆಗೆದುಬಿಟ್ಟರೆ ಉಳಿಯುವುದು ಹಾಡು ಮತ್ತು ಮಾತು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಂಚೆ ಶಲ್ಯದಲ್ಲಿ ಕೂತಿರೋ ಅರ್ಥಧಾರಿ ಆ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಪುಸ್ತಕದಲ್ಲಿದೆ. ಮಾತು ಎಲ್ಲೂ ಬರೆದಿಲ್ಲ. ಎದುರಿನ ಅರ್ಥಧಾರಿ ಏನು ಕೇಳುತ್ತಾರೋ ಅದಕ್ಕೆ ಅಲ್ಲೇ, ಆಗಲೇ ಉತ್ತರ ಕೊಡಬೇಕು. ಇದಕ್ಕಿಂತ ದೊಡ್ಡ ಆಶುಭಾಷಣ ಇನ್ನೊಂದಿಲ್ಲ.

ಆದರೆ ಒಳ್ಳೆಯ ಅರ್ಥಧಾರಿಗಳು ಬರಿಗೈಯಲ್ಲಿ ಬಂದು ಕೂರುತ್ತಾರಾ? "ವಾಲಿ ವಧೆ"ಯನ್ನೇ ತಗೊಳ್ಳಿ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳಿಯೇ ಕೇಳುತ್ತಾನೆ. ಇದು ರಾಮನಾಗಿ ಕೂತವರಿಗೆ ಮನೆಯಿಂದ ಹೊರಡುವಾಗಲೇ ಗೊತ್ತು. ಗೊತ್ತಿಲ್ಲದಿರುವುದು ಅವನು ಅದನ್ನು ಎಲ್ಲಿಂದ ತಿರುಗಿಸಿ ಕೇಳುತ್ತಾನೆ ಅನ್ನುವುದು. ರಾಜನೀತಿಯ ಕಡೆಯಿಂದಲೋ, ಗೆಳೆತನದ ಕಡೆಯಿಂದಲೋ, ಗಂಡ-ಹೆಂಡತಿಯ ಸಂಬಂಧದ ಕಡೆಯಿಂದಲೋ. ಅದಕ್ಕೆ ರಾಮಾಯಣ, ಭಾರತ, ಪುರಾಣಗಳನ್ನು ವರ್ಷಗಟ್ಟಲೆ ಅರೆದು ಕುಡಿದಿರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳ ವಾಲಿಯನ್ನು ಜನ ಇವತ್ತಿಗೂ ನೆನೆಯುತ್ತಾರಲ್ಲ, ಅದು ಬರೀ ನಾಲಗೆಯ ಚಾಲಾಕಿಗೆ ಸಿಗುವ ಗೌರವ ಅಲ್ಲ. ಆ ಕ್ಷಣದಲ್ಲಿ ಹುಟ್ಟೋದು ವಾಕ್ಯ ಮಾತ್ರ, ವಿಷಯ ಅಲ್ಲ. ವಿಷಯ ಮೊದಲೇ ಕಣಜದಲ್ಲಿ ತುಂಬಿರುತ್ತೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸಿದ್ಧತೆ ಅಂದರೆ ವಾಕ್ಯಗಳ ಸಿದ್ಧತೆ ಅಲ್ಲ, ವಿಷಯದ ಸಿದ್ಧತೆ. ಆತ್ಮವಿಶ್ವಾಸ ಅನ್ನೋದು ಮೊದಲು ಸಂಪಾದಿಸಿಕೊಂಡು ಆಮೇಲೆ ವೇದಿಕೆ ಹತ್ತುವಂಥದ್ದಲ್ಲ. ಸಿದ್ಧತೆ ಮುಗಿದಾಗ ಪಾತ್ರೆಯ ತಳದಲ್ಲಿ ಉಳಿಯುವುದೇ ಆತ್ಮವಿಶ್ವಾಸ.

ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಗಾಂಧಿ. ತಮ್ಮ ಸಂಕೋಚದ ಬಗ್ಗೆ ಅವರು ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ. ಲಂಡನ್ನಿನಲ್ಲಿ ಓದುತ್ತಿದ್ದಾಗ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಒಂದು ವಿವಾದದಲ್ಲಿ ತಮ್ಮ ಅಭಿಪ್ರಾಯ ಹೇಳಲೇಬೇಕು ಅನ್ನಿಸಿ ಬರೆದುಕೊಂಡು ಹೋದರು. ಅದನ್ನು ಓದಲೂ ಧೈರ್ಯ ಸಾಲದೆ ಬೇರೆಯವರು ಓದಬೇಕಾಯಿತು.

ಅದಕ್ಕಿಂತ ಮಜವಾದದ್ದು 1891ರದು. ಬ್ಯಾರಿಸ್ಟರಾಗಿ ಊರಿಗೆ ಹೊರಡುವ ಮುಂಚೆ ಗೆಳೆಯರಿಗೆ ಒಂದು ಊಟ ಹಾಕಿಸಿದರು. ನಾಲ್ಕು ಮಾತಾಡಬೇಕಲ್ಲ, ಅದಕ್ಕೆ ಬಹಳ ಯೋಚಿಸಿ ಒಂದು ಪುಟ್ಟ ಭಾಷಣ ತಯಾರು ಮಾಡಿಕೊಂಡಿದ್ದರು. ಅಡಿಸನ್ ಅನ್ನೋ ಇಂಗ್ಲಿಷ್ ಲೇಖಕ ಪಾರ್ಲಿಮೆಂಟಿನಲ್ಲಿ ಮಾತಾಡಲು ಎದ್ದು ತಡವರಿಸಿದ ಒಂದು ತಮಾಷೆಯ ಪ್ರಸಂಗದಿಂದ ಶುರು ಮಾಡೋದು ಅಂತ ಲೆಕ್ಕ. ಎದ್ದು ನಿಂತರು. ಮೊದಲ ವಾಕ್ಯ ಬಂತು. ಎರಡನೆಯದು ಬರಲಿಲ್ಲ! ತಡವರಿಸಿದವನ ಕಥೆ ಹೇಳಲು ಹೋಗಿ ತಾವೇ ತಡವರಿಸಿ, ಬಂದವರಿಗೆಲ್ಲ ವಂದನೆ ಹೇಳಿ ಕೂತುಬಿಟ್ಟರು.

ಗಮನಿಸಿ, ಇಲ್ಲಿ ಸಿದ್ಧತೆ ಇರಲಿಲ್ಲ ಅನ್ನುವ ಹಾಗಿಲ್ಲ. ಇತ್ತು. ಆದರೆ ಅದು ಚಂದದ ವಾಕ್ಯಗಳ ಸಿದ್ಧತೆ. ಆ ವಾಕ್ಯಗಳ ಹಿಂದೆ ಹೇಳಲೇಬೇಕಾದದ್ದು ಏನೂ ಇರಲಿಲ್ಲ. ಒಂದು ಕೊಂಡಿ ಕಳಚಿದ ಕೂಡಲೇ ಸರ ಪೂರ್ತಿ ಚೆಲ್ಲಿಹೋಯಿತು.

ಊರಿಗೆ ಬಂದ ಮೇಲೂ ಅದೇ ಕಥೆ. ಮುಂಬಯಿಯ ಸಣ್ಣ ಕೋರ್ಟಿನಲ್ಲಿ ಮೊದಲ ಕೇಸು, 30 ರೂಪಾಯಿ ಫೀಸು. ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದರೆ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತರು. ಫೀಸು ವಾಪಸು ಕೊಟ್ಟು, ಕೇಸು ಇನ್ನೊಬ್ಬ ವಕೀಲರಿಗೆ ಹೋಯಿತು.

ಈಗ 1893ಕ್ಕೆ ಬನ್ನಿ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಅಲ್ಲಿನ ಭಾರತೀಯ ವ್ಯಾಪಾರಿಗಳ ಸಭೆ ಸೇರಿಸಿ ಗಾಂಧಿ ಮಾತಾಡಿದರು. ಅದನ್ನೇ ತಮ್ಮ ಬದುಕಿನ ಮೊದಲ ಭಾಷಣ ಅಂತ ಅವರು ಕರೆದಿದ್ದಾರೆ. ವಿಷಯ: ವ್ಯಾಪಾರದಲ್ಲಿ ಸತ್ಯ. ಸತ್ಯ ಹೇಳಿಕೊಂಡು ವ್ಯಾಪಾರ ಮಾಡೋಕಾಗಲ್ಲ ಅಂತ ನಂಬಿದ್ದ ವ್ಯಾಪಾರಿಗಳ ಎದುರು ನಿಂತು ಅದೇ ತಪ್ಪು ಅಂತ ಹೇಳುವುದು ಸುಲಭದ ಮಾತಾ? ಆದರೆ ಇಲ್ಲಿ ಅವರು ತಡವರಿಸಲಿಲ್ಲ. ವಿಷಯವನ್ನು ಸಾಕಷ್ಟು ತಯಾರಿ ಮಾಡಿಕೊಂಡೇ ಹೋಗಿದ್ದೆ ಅಂತ ಅವರೇ ಬರೆದಿದ್ದಾರೆ.

ಎರಡು ವರ್ಷದಲ್ಲಿ ಮನುಷ್ಯ ಬದಲಾಗಿಬಿಟ್ಟನಾ? ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸಿಗೂ ಅವರು ಹೋಗಿರಲಿಲ್ಲ. ಬದಲಾದದ್ದು ಸಿದ್ಧತೆಯ ಜಾತಿ. ದಾದಾ ಅಬ್ದುಲ್ಲಾ ಅವರ ಮೊಕದ್ದಮೆಗಾಗಿ ಹೋದವರು ಅದರ ಕಾಗದಪತ್ರಗಳನ್ನೆಲ್ಲ ಓದಿ, ಲೆಕ್ಕಪತ್ರ ಅರ್ಥವಾಗದಿದ್ದಾಗ ಜಮಾಖರ್ಚಿನ ಪುಸ್ತಕ ಕೊಂಡು ಓದಿ ಕಲಿತು, ಕೇಸಿನ ಒಳಹೊರಗನ್ನು ತಿಳಿದುಕೊಂಡರು. ಅಲ್ಲಿನ ಭಾರತೀಯರ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದರು, ರೈಲಿನಿಂದ ಹೊರದಬ್ಬಿಸಿಕೊಂಡಿದ್ದರು. ಈಗ ಒಂದು ವಾಕ್ಯ ಮರೆತರೆ ಇನ್ನೊಂದು ವಾಕ್ಯ ಹುಟ್ಟುತ್ತೆ. ಯಾಕೆಂದರೆ ಕೆಳಗೆ ನೀರಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸುಖಾಂತ ಆಗುತ್ತಿತ್ತು. ಆದರೆ 1896ರಲ್ಲಿ ಇನ್ನೊಂದು ಘಟನೆ ಆಯಿತು, ಅದನ್ನು ಬಿಟ್ಟರೆ ನಾನು ಮೋಸ ಮಾಡಿದಂತೆ. ಮುಂಬಯಿಯಲ್ಲಿ ದೊಡ್ಡ ಸಭೆ, ದಕ್ಷಿಣ ಆಫ್ರಿಕಾದ ವಿಚಾರ. ಹಿಂದಿನ ದಿನ ಫಿರೋಜ್‌ಶಾ ಮೆಹ್ತಾ "ಭಾಷಣ ರೆಡಿನಾ?" ಅಂತ ಕೇಳಿದರು. ಗಾಂಧಿ ಹಾಗೇ ಮಾತಾಡೋಣ ಅಂತಿದ್ದರು. ಅದು ಇಲ್ಲಿ ನಡೆಯಲ್ಲ ಅಂತ ಮೆಹ್ತಾ ಪಟ್ಟು ಹಿಡಿದು ಭಾಷಣ ಬರೆಸಿ, ರಾತ್ರೋರಾತ್ರಿ ಅಚ್ಚಿಗೆ ಹಾಕಿಸಿದರು. ಮರುದಿನ ಸಭಾಂಗಣ ತುಂಬಿ ತುಳುಕುತ್ತಿತ್ತು. ಗಾಂಧಿ ಓದಲು ಶುರು ಮಾಡಿದರೆ ದನಿ ನಡುಗಿ ಹೂತುಹೋಯಿತು. ಗೆಳೆಯರೊಬ್ಬರು ಕೈಗೆತ್ತಿಕೊಂಡರು, ಜನ ಕೇಳಲಿಲ್ಲ, "ವಾಚಾ, ವಾಚಾ" ಅಂತ ಕೂಗಿದರು. ಕೊನೆಗೆ ದಿನ್ಶಾ ವಾಚಾ ಎದ್ದು ಓದಿದರು. ಸಭೆ ಗಪ್ ಚಿಪ್ ಕೂತು ಕೇಳಿತು.

ಇದರಿಂದ ನನಗೆ ತೋಚೋದು ಏನಂದರೆ, ಸಿದ್ಧತೆ ಸಭಾಕಂಪವನ್ನು ಪೂರ್ತಿ ಹೊಡೆದೋಡಿಸುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಕಾಲು ನಡುಗಬಹುದು, ಗಂಟಲು ಒಣಗಬಹುದು. ಆದರೆ ಸಿದ್ಧತೆ ಇದ್ದರೆ ನೀವು ನಡುಗಿದರೂ ನಿಮ್ಮ ವಿಷಯ ನಡುಗುವುದಿಲ್ಲ. ಅವತ್ತು ಗಾಂಧಿಯ ದನಿ ಸೋತಿತು, ಮಾತು ಸೋಲಲಿಲ್ಲ. ಹಾಳೆಯ ಮೇಲೆ ಇಲ್ಲದಿದ್ದರೆ ಎರಡೂ ಸೋಲುತ್ತಿದ್ದವು.

ಬಾಯಿಪಾಠದ ಅಪಾಯಕ್ಕೆ ಇನ್ನೊಂದೇ ಉದಾಹರಣೆ ಕೊಟ್ಟು ಮುಂದೆ ಹೋಗ್ತೀನಿ. ಚರ್ಚಿಲ್ ಯುವಕನಾಗಿದ್ದಾಗ ಭಾಷಣಗಳನ್ನು ಉರು ಹೊಡೆದು ಒಪ್ಪಿಸುತ್ತಿದ್ದ. 1904ರ ಏಪ್ರಿಲ್ 22ರಂದು ಪಾರ್ಲಿಮೆಂಟಿನಲ್ಲಿ ಮುಕ್ಕಾಲು ಗಂಟೆ ಮಾತಾಡಿ, ನಡುವೆ ಒಂದು ವಾಕ್ಯದಲ್ಲಿ ಎಳೆ ತಪ್ಪಿ, ಎಷ್ಟು ಹುಡುಕಿದರೂ ಸಿಗದೆ ಕೂತುಬಿಟ್ಟ. ಆಮೇಲೆ ಟಿಪ್ಪಣಿ ಇಲ್ಲದೆ ದೊಡ್ಡ ಭಾಷಣಕ್ಕೆ ನಿಲ್ಲಲಿಲ್ಲ. ಪದ್ಯದ ಹಾಗೆ ಚಿಕ್ಕ ಚಿಕ್ಕ ಸಾಲುಗಳಾಗಿ ಟೈಪ್ ಮಾಡಿಸಿಕೊಂಡ ಹಾಳೆಗಳು ಅವನ ಕೈಯಲ್ಲಿರುತ್ತಿದ್ದವು. (ನಮ್ಮ ದೇಶದ ವಿಷಯದಲ್ಲಿ ಅವನ ಬಾಯಿಂದ ಬಂದದ್ದೆಲ್ಲ ಕೇಳೋ ಹಾಗಿರಲಿಲ್ಲ, ಅದು ಇನ್ನೊಂದು ದಿನದ ಜಗಳ.) ಕೈಯಲ್ಲಿ ಚೀಟಿ ಇಟ್ಟುಕೊಳ್ಳೋದು ಅವಮಾನ ಅಂದುಕೊಂಡಿರುವ ನಮ್ಮವರಿಗೆ ಇದನ್ನು ಹೇಳಬೇಕು.

ಸರಿ, ಗಾಂಧಿ ಚರ್ಚಿಲ್ಲು ಎಲ್ಲ ಆಯ್ತು, ನಮ್ಮ ಆಫೀಸಿಗೆ ಬರೋಣ. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲಿ.

ಕನ್ನಡ ಮೀಡಿಯಮ್ಮಿನಲ್ಲಿ ಓದಿ, ತಾಲೂಕು ಕೇಂದ್ರದ ಕಾಲೇಜಿನಿಂದ ಬಂದು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಮೂರು ತಿಂಗಳು ನಿದ್ದೆಗೆಟ್ಟು ಕೆಲಸ ಮುಗಿಸೋದು ಅವರು. ಕ್ಲೈಂಟಿನ ಮುಂದೆ ಪ್ರೆಸೆಂಟೇಶನ್ ಕೊಡೋದು ಇನ್ಯಾರೋ. "ಅವನಿಗೆ ಕಾನ್ಫಿಡೆನ್ಸ್ ಇಲ್ಲ, ಕಮ್ಯುನಿಕೇಶನ್ ವೀಕು" ಅನ್ನೋ ಒಂದು ಸಾಲು ಅಪ್ರೈಸಲ್ಲಿನಲ್ಲಿ ಬಿದ್ದರೆ ಮುಗೀತು, ಪ್ರಮೋಷನ್ನಿನ ಬಸ್ಸು ಹೋಯ್ತು.

ಕಾನ್ಫಿಡೆನ್ಸ್ ಇಲ್ಲ ಅನ್ನೋದು ಕಾಯಿಲೆಯ ಹೆಸರಲ್ಲ, ಲಕ್ಷಣದ ಹೆಸರು. ಬಹಳ ಸಲ ಕಾಯಿಲೆ ಏನಂದರೆ, ಅವರಿಗೆ ತಯಾರಾಗಲು ಸಮಯವನ್ನೇ ಕೊಟ್ಟಿರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ "ಹನ್ನೊಂದಕ್ಕೆ ಡೆಮೊ ಇದೆ, ನೀನೇ ಕೊಡು" ಅಂದರೆ ಗೆಲ್ಲುವವರು ಯಾರು? ಇಂಗ್ಲಿಷಿನಲ್ಲಿ ಹರಟೆ ಹೊಡೆದು ಬೆಳೆದವರು. ಅವರಿಗೆ ವಾಕ್ಯ ಕಟ್ಟಲು ಶ್ರಮ ಬೇಕಿಲ್ಲ, ವಿಷಯ ಗೊತ್ತಿಲ್ಲದಿದ್ದರೂ ಗಂಟೆ ಸಾಗಿಸುತ್ತಾರೆ. ಅದೇ ಒಂದು ವಾರ ಮುಂಚೆ ಹೇಳಿ ನೋಡಿ, ವಿಷಯ ಗೊತ್ತಿದ್ದವರು ಗೆಲ್ಲುತ್ತಾರೆ. ಕೊನೇ ಗಳಿಗೆಯಲ್ಲಿ ಹೇಳುವ ಮ್ಯಾನೇಜರು ಪ್ರತಿಭೆಯನ್ನು ಪರೀಕ್ಷೆ ಮಾಡುತ್ತಿಲ್ಲ, ಬಾಲ್ಯವನ್ನು ಪರೀಕ್ಷೆ ಮಾಡುತ್ತಿದ್ದಾರೆ. ಸಿದ್ಧತೆ ಅನ್ನೋದು ಬಡವರ ಮನೆಯಿಂದ ಬಂದವರಿಗೂ ಸಿಗಬಹುದಾದ ಒಂದೇ ಒಂದು ವಾಕ್ಚಾತುರ್ಯ. ಅದನ್ನೂ ಕಿತ್ತುಕೊಳ್ಳಬಾರದು.

"ದೊಡ್ಡವರು ಹಾಗೇ ಸಲೀಸಾಗಿ ಮಾತಾಡ್ತಾರಲ್ಲ" ಅನ್ನುವವರು 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದ ವಿಡಿಯೋ ನೋಡಿ. ಸೋಫಾದಲ್ಲಿ ಕೂತು ಗೆಳೆಯನ ಹತ್ತಿರ ಮಾತಾಡಿದ ಹಾಗಿದೆ. ಆದರೆ ಆ ದಿನದ ಫೋನು ಅರ್ಧಂಬರ್ಧ ತಯಾರಾದದ್ದು, ಯಾವಾಗ ಬೇಕಾದರೂ ನಿಂತುಹೋಗುವಂಥದ್ದು ಅಂತ ಅದರ ಇಂಜಿನಿಯರುಗಳೇ ಆಮೇಲೆ ಹೇಳಿದ್ದಾರೆ. ಯಾವ ಕ್ರಮದಲ್ಲಿ ಏನು ಒತ್ತಿದರೆ ಕೈಕೊಡುವುದಿಲ್ಲ ಅಂತ ಹುಡುಕಿಟ್ಟುಕೊಂಡಿದ್ದರು, ಒಂದು ಕೈಕೊಟ್ಟರೆ ಇರಲಿ ಅಂತ ಇನ್ನೂ ಕೆಲವು ಫೋನುಗಳನ್ನು ವೇದಿಕೆಯ ಮೇಲಿಟ್ಟಿದ್ದರು. ದಿನಗಟ್ಟಲೆ ತಾಲೀಮು ನಡೆದಿತ್ತು. ಸಲೀಸು ಅನ್ನೋದು ತಾಲೀಮಿನ ಕೊನೆಯ ಮೆಟ್ಟಿಲು.

ಹಾಗಾದರೆ ತಯಾರಿ ಹೇಗೆ ಮಾಡಬೇಕು? ನನಗೆ ಸರಿ ಅನ್ನಿಸಿದ್ದನ್ನು ಹೇಳ್ತೀನಿ.

ಮೊದಲು, ಕೇಳಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಬೇಕಾದ ಒಂದು ವಾಕ್ಯ ಯಾವುದು ಅಂತ ಬರೆದಿಟ್ಟುಕೊಳ್ಳಿ. ಅದು ಬರೆಯಲಾಗದಿದ್ದರೆ ನೀವಿನ್ನೂ ಮಾತಾಡಲು ತಯಾರಿಲ್ಲ, ಓದಲು ವಾಪಸು ಹೋಗಿ.

ಹೇಳುವುದಕ್ಕಿಂತ ಮೂರು ಪಟ್ಟು ತಿಳಿದುಕೊಳ್ಳಿ. ಹತ್ತು ಸ್ಲೈಡಿಗೆ ಹತ್ತು ಸ್ಲೈಡಿನಷ್ಟೇ ಗೊತ್ತಿದ್ದರೆ ಮೊದಲ ಪ್ರಶ್ನೆಗೇ ಬೆವರು.

ಪ್ರಶ್ನೆಗಳ ಪಟ್ಟಿ ಮಾಡಿ. ಅದರಲ್ಲೂ "ಇದನ್ನೊಂದು ಕೇಳದಿದ್ದರೆ ಸಾಕಪ್ಪಾ" ಅನ್ನಿಸುತ್ತಲ್ಲ, ಅದನ್ನು ಮೊದಲು ಬರೆಯಿರಿ. ವಾಲಿ ಅದನ್ನೇ ಕೇಳೋದು :-) ಉತ್ತರ ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೀನಿ" ಅನ್ನುವುದಕ್ಕೂ ಅಭ್ಯಾಸ ಬೇಕು.

ಜೋರಾಗಿ ಹೇಳಿ ನೋಡಿ. ಮನಸ್ಸಿನಲ್ಲಿ ಓದಿಕೊಂಡರೆ ಎಲ್ಲವೂ ಚೆನ್ನಾಗಿಯೇ ಇರುತ್ತೆ. ಬಾಯಿಬಿಟ್ಟು ಹೇಳಿದಾಗಲೇ ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತೆ, ಯಾವ ಪದ ನಾಲಗೆಗೆ ತೊಡರುತ್ತೆ ಗೊತ್ತಾಗೋದು. ಎದುರಿಗೆ ಗಡಿಯಾರ ಇರಲಿ. ಮನೆಯವರು ನಕ್ಕರೆ ನಗಲಿ.

ಪೂರ್ತಿ ಉರು ಹೊಡೆಯಬೇಡಿ. ಮೊದಲ ಮೂರು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಹೆಚ್ಚು ಭಯ ಇರೋದು ಮೊದಲ ಎರಡು ನಿಮಿಷ, ಅದನ್ನು ದಾಟಿಸಲು ಅಷ್ಟು ಸಾಕು. ನಡುವಿನದಕ್ಕೆ ಒಂದು ಚೀಟಿಯಲ್ಲಿ ನಾಲ್ಕೈದು ಪದ. ಅಂಕಿ, ಇಸವಿ, ಜನರ ಹೆಸರು ಚೀಟಿಯಲ್ಲೇ ಇರಲಿ, ನೆನಪನ್ನು ನಂಬಬೇಡಿ.

ಆಮೇಲೆ ನಮ್ಮ ಊರಿಗೇ ವಿಶೇಷವಾದ ಒಂದು ತಯಾರಿ ಇದೆ. ನಿಮಗೆ ಇಪ್ಪತ್ತು ನಿಮಿಷ ಅಂದಿರುತ್ತಾರೆ. ನಿಮ್ಮ ಮುಂಚಿನ ಮೂವರು ತಲಾ ನಲವತ್ತು ನಿಮಿಷ ತಿಂದಿರುತ್ತಾರೆ. ನಿಮ್ಮ ಸರದಿ ಬರುವಾಗ ನಿರೂಪಕರು ಕಿವಿಯಲ್ಲಿ "ಸಾರ್, ಐದು ನಿಮಿಷದಲ್ಲಿ ಮುಗಿಸಿ, ಊಟ ಆರ್ತಾ ಇದೆ" ಅಂತಾರೆ. ಆಗ ಗಾಬರಿಯಾಗಿ ಇಪ್ಪತ್ತು ನಿಮಿಷದ್ದನ್ನು ಐದು ನಿಮಿಷದಲ್ಲಿ ಓಡಿಸುವುದಲ್ಲ. ಮನೆಯಲ್ಲೇ ಐದು ನಿಮಿಷದ್ದೊಂದು, ಇಪ್ಪತ್ತು ನಿಮಿಷದ್ದೊಂದು, ಹೀಗೆ ಎರಡನ್ನೂ ಇಟ್ಟುಕೊಂಡಿರಬೇಕು. ಯಾವುದನ್ನು ಬಿಡಬಹುದು ಅಂತ ಮೊದಲೇ ಗೊತ್ತಿರುವವರು ಮಾತ್ರ ಚಿಕ್ಕದಾಗಿ ಮಾತಾಡಬಲ್ಲರು. ಕರೆಂಟು ಹೋದರೆ, ಪ್ರೊಜೆಕ್ಟರ್ ಕೈಕೊಟ್ಟರೆ, ಆನ್‌ಲೈನ್ ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಆಗದಿದ್ದರೆ ಏನು ಅನ್ನೋದಕ್ಕೂ ಇದೇ ಮಾತು.

ಇದನ್ನೆಲ್ಲ ಮಾಡಿದಾಗ ಏನಾಗುತ್ತೆ? ಭಯ ಅಂದರೆ ಬಹುಪಾಲು "ಮುಂದೇನು?" ಅನ್ನೋ ಪ್ರಶ್ನೆ. ಮುಂದೇನು ಹೇಳಲಿ, ಏನು ಕೇಳ್ತಾರೋ, ಏನು ಕೆಡುತ್ತೋ. ಒಂದೊಂದಕ್ಕೂ ಉತ್ತರ ಜೇಬಿನಲ್ಲಿದ್ದರೆ ಉಳಿಯೋದು ಸ್ವಲ್ಪ ಎದೆ ಡವಡವ. ಅದು ಇರಲಿ ಬಿಡಿ, ಸಾರಿಗೆ ಉಪ್ಪಿನ ಹಾಗೆ.

ಈಗಂತೂ ಇನ್ನೊಂದು ಅಡ್ಡದಾರಿ ಬಂದಿದೆ. ಚಾಟ್‌ಜಿಪಿಟಿಗೆ ಹೇಳಿದರೆ ಅರೆಗಳಿಗೆಯಲ್ಲಿ ಭಾಷಣ ರೆಡಿ. ಟೈಪಿಂಗ್ ಉಳಿಸಿಕೊಳ್ಳೋಕೆ ಬಳಸಿದರೆ ತಪ್ಪೇನಿಲ್ಲ. ಆದರೆ ಅದು ಕೊಡೋದು ವಾಕ್ಯಗಳನ್ನು, ಮತ್ತು ವಾಕ್ಯಗಳ ಸಿದ್ಧತೆ 1891ರ ಊಟದ ಟೇಬಲ್ಲಿನಲ್ಲಿ ಏನಾಯ್ತು ಅಂತ ನೋಡಿದ್ದೀವಿ. ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದದ್ದು ನಿಮ್ಮ ತಲೆ, ನಿಮ್ಮ ಫೋನಲ್ಲ.

"ಜಾಸ್ತಿ ತಯಾರಿ ಮಾಡಿದ್ರೆ ಮಾತು ಕೃತಕ ಆಗುತ್ತೆ" ಅನ್ನುವವರೂ ಇದ್ದಾರೆ. ಕೃತಕ ಆಗೋದು ಅರ್ಧ ತಯಾರಿಯಿಂದ, ಅಂದರೆ ವಾಕ್ಯ ಬಂದು ವಿಷಯ ಬಾರದಿದ್ದಾಗ. ಪೂರ್ತಿ ತಯಾರಾದವರಿಗೆ ಸಭಿಕರ ಮುಖ ನೋಡಲು ಪುರುಸೊತ್ತಿರುತ್ತೆ. ಯಾರು ಆಕಳಿಸಿದರು, ಯಾರು ತಲೆಯಾಡಿಸಿದರು ಅಂತ ಕಂಡು ಮಾತು ಬದಲಿಸುತ್ತಾರೆ. ತಯಾರಿಲ್ಲದವರು ನೋಡೋದು ಮೇಲಿನ ಫ್ಯಾನನ್ನು.

ಹಾಗಾಗಿ ನನ್ನ ಕೋರಿಕೆ ಎರಡು. ಮಾತಾಡಲು ಕರೆಯುವವರು, ಸಂಘಟಕರಿರಲಿ ಮ್ಯಾನೇಜರಿರಲಿ, ಒಂದು ವಾರ ಮುಂಚೆ ಹೇಳಿ, ವಿಷಯ ಮತ್ತು ಸಮಯ ಎರಡನ್ನೂ ಸರಿಯಾಗಿ ಹೇಳಿ. ಮಾತಾಡಲು ಬರುವವರು, ದಯವಿಟ್ಟು ಸಿದ್ಧತೆ ಮಾಡಿಕೊಂಡು ಬನ್ನಿ. ಬಾರದಿದ್ದರೆ ಅದನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ನಿರೀಕ್ಷಿಸಬೇಡಿ. ವಿನಯ ತೋರಿಸಬೇಕು ಅಂತಿದ್ದರೆ ಅದನ್ನು ಹಿಂದಿನ ರಾತ್ರಿ ಮೇಜಿನ ಮುಂದೆ ತೋರಿಸಿ.

ನಾಲ್ಕು ಪ್ಯಾರಾ ಬರೆಯೋಕೆ ಮೂರು ಸಲ ತಿದ್ದುವ ಜನ ನಾವು. ಮೈಕು ಸಿಕ್ಕಿದಾಗ ಮಾತ್ರ ಹೊಳೆದದ್ದೇ ಸಾಕು ಅಂತ ಯಾಕಂದುಕೊಳ್ತೀವಿ? ನೀವೇನಂತೀರಿ?